ಹುರುಳಿಕಾಯಿಗಾಗಿ ಎಲೆಕ್ಟ್ರಿಕ್ ಗಿಟಾರ್

೧೯೮೪ರಲ್ಲಿ ದಕ್ಷಿಣ ಬೆಂಗಳೂರಿನಲ್ಲಿ ಒಟ್ಟು ಹನ್ನೊಂದು ರಾಕ್ ತಂಡಗಳಿದ್ದವು. ಅವುಗಳಲ್ಲಿ ಹತ್ತು ತಂಡಗಳ ಶ್ರೋತೃಗಳು ಮನುಷ್ಯರು. ಹನ್ನೊಂದನೆಯ ತಂಡದ ಶ್ರೋತೃಗಳು ಹುರುಳಿಕಾಯಿ, ದಂಟಿನ ಸೊಪ್ಪು ಮತ್ತು ಅರ್ಧ ಎಕರೆ ಮೂಲಂಗಿ. ಇದು ಕಡತದಲ್ಲಿ ದಾಖಲಾದ ಸಂಗತಿಯಾದ್ದರಿಂದ ಯಾರೂ ನಗಬೇಕಾದ ಅಗತ್ಯವಿಲ್ಲ.

ಆ ಹನ್ನೊಂದನೆಯ ತಂಡದ ಹೆಸರು 'ಥರ್ಡ್ ಬ್ಲಾಕ್ ಥಂಡರ್'. ಜಯನಗರ ಮೂರನೇ ಬ್ಲಾಕಿನ ಚಲುವರಾಜು ಗಿಟಾರ್ ನುಡಿಸಿಕೊಂಡು ಹಾಡುತ್ತಿದ್ದ. ಡ್ರಮ್ಮಿಗೆ ಗುರುಬಸಪ್ಪ, ಬೇಸ್ ಗಿಟಾರಿಗೆ ಮಾರಯ್ಯ. ಮೂವರ ತಲೆಗೂದಲು ಕತ್ತರಿಸಿದ್ದರೆ ಎರಡು ದಿಂಬು ತುಂಬಿ ಒಂದಿಷ್ಟು ಮಿಗುತ್ತಿತ್ತು. ಉಳಿದ ಹತ್ತು ತಂಡದವರು ಇಂಗ್ಲಿಷ್ ರೆಕಾರ್ಡು ಕೇಳಿ ಬಾಯಿಪಾಠ ಒಪ್ಪಿಸುತ್ತಿದ್ದ ಕಾಲದಲ್ಲಿ ಚಲುವರಾಜು ಕನ್ನಡದಲ್ಲೇ ಒಂದು ಹಾಡು ಕಟ್ಟಿದ್ದ. ಬನಶಂಕರಿಯಲ್ಲಿ ಒಂದೂವರೆ ಗಂಟೆ ಬಸ್ಸು ಕಾಯುವವನ ಹಾಡು. ಏಳು ನಿಮಿಷ ಉದ್ದ. ಕೊನೆಗೂ ಬಸ್ಸು ಬರುವುದಿಲ್ಲ. ಅದನ್ನು ಒಂದೇ ಒಂದು ಸಲ ಜನರ ಮುಂದೆ ಹಾಡಬೇಕೆಂಬುದು ಅವನ ಆಸೆ.

ಅವನ ತಂದೆ ಪಾಪಯ್ಯನವರು ಸರ್ಕಾರಿ ಗುಮಾಸ್ತರು. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಕಾಗದದಲ್ಲಿ ಇಲ್ಲದ ಯಾವುದನ್ನೂ ನಂಬಿದವರಲ್ಲ. ಮಗ ಹುಟ್ಟಿದ್ದನ್ನು ಕೂಡ ಜನನಪತ್ರ ಕೈಗೆ ಬಂದ ಮೇಲೆಯೇ ಒಪ್ಪಿಕೊಂಡಿದ್ದರು. ಒಂದು ದಿನ ಊಟಕ್ಕೆ ಕೂತಾಗ ಅವರು ತಮ್ಮ ತೀರ್ಮಾನವನ್ನು ತಿಳಿಸಿದರು.

"ನೋಡು ಚಲುವಾ, ಯುಗಾದಿ ಒಳಗೆ ನೂರು ಜನ ಮನುಷ್ಯರು ನಿಂತು ನಿನ್ನ ಹಾಡು ಕೇಳ್ಬೇಕು. ಕೇಳಿದ್ದಕ್ಕೆ ದಾಖಲೆ ಇರ್ಬೇಕು. ಇಲ್ಲಾಂದ್ರೆ ಗಿಟಾರ್ ಅಟ್ಟಕ್ಕೆ, ನೀನು ಟೈಪಿಂಗ್ ಕ್ಲಾಸಿಗೆ."

"ಕೂತು ಕೇಳಿದ್ರೆ ಆಗಲ್ವಾ ಅಪ್ಪಾ?"

"ಕೂತವರು ಸುಸ್ತಾಗಿ ಕೂತಿರಬಹುದು. ನಿಂತೇ ಕೇಳ್ಬೇಕು."

ಆದರೆ ನುಡಿಸಲು ಜಾಗವೇ ಇರಲಿಲ್ಲ. ಗುರುಬಸಪ್ಪನ ಮನೆಯ ಗ್ಯಾರೇಜಿನಲ್ಲಿ ಆಂಪ್ಲಿಫೈಯರ್ ಹಾಕಿದ ಮೊದಲ ಭಾನುವಾರವೇ ಇಡೀ ಸಾಲಿನ ಫ್ಯೂಸು ಹೋಗಿ, ಟೀವಿಯಲ್ಲಿ ಬರುತ್ತಿದ್ದ ಸಿನಿಮಾದಲ್ಲಿ ನಾಯಕಿ ವಿಷ ಕುಡಿದಳೋ ಇಲ್ಲವೋ ಎಂಬುದು ಯಾರಿಗೂ ತಿಳಿಯದೆ ಉಳಿಯಿತು. ಮಹಡಿ ಮೇಲಿನ ನಾಗಲಕ್ಷ್ಮಮ್ಮನವರು ಇಳಿದು ಬಂದು, "ನಿಮ್ಮ ಹಾಡು ಹಾಳಾಗ್ಹೋಗ್ಲಿ, ಅವಳು ಸತ್ತಳಾ ಬದುಕಿದಳಾ ಅಷ್ಟು ಹೇಳ್ರೋ!" ಎಂದು ಕೇಳಿದರು. ಉತ್ತರ ಸಿಗಲಿಲ್ಲವಾಗಿ ಗ್ಯಾರೇಜು ಖಾಲಿಯಾಯಿತು.

ಆಗ ಕೈಹಿಡಿದವರು ತಿಮ್ಮರಾಯಪ್ಪ. ಕೋಣನಕುಂಟೆಯಿಂದ ಸೈಕಲ್ಲಿನಲ್ಲಿ ಸೊಪ್ಪು ತಂದು ಚಲುವರಾಜುವಿನ ತಾಯಿ ಪಾರ್ವತಮ್ಮನಿಗೆ ಕೊಡುತ್ತಿದ್ದ ರೈತರು.

"ನಮ್ಮ ತೋಟಕ್ಕೆ ಬನ್ರಪ್ಪಾ. ಮೋಟರ್ ರೂಮೈತೆ, ಪಂಪ್‌ಸೆಟ್ ಲೈನೈತೆ, ಎಷ್ಟು ಬೇಕೋ ಅಷ್ಟು ಬಡ್ಕೊಳ್ಳಿ. ಹಂದಿ ಕಾಟ ಜಾಸ್ತಿ ಆಗೈತೆ. ನೀವು ಹಾಡಿದ್ರೆ ಓಡೋಯ್ತವೆ."

ತಂಡಕ್ಕೆ ಸಿಕ್ಕ ಮೊದಲ ಪ್ರಶಂಸೆ ಇದು. ಹಂದಿಗಳು ನಿಜವಾಗಿಯೂ ಓಡಿಹೋದವು. ಬಿಳೇಕಹಳ್ಳಿಯವರೆಗೆ ಹೋಗಿ ನಿಂತವೆಂದು ಹೇಳುವವರಿದ್ದಾರೆ. ಹಂದಿಗಳನ್ನು ಕೇಳಲು ಸಾಧ್ಯವಾಗಿಲ್ಲ.

ಎರಡು ತಿಂಗಳು ಸುಖವಾಗಿ ಕಳೆಯಿತು. ಮೂರನೇ ತಿಂಗಳು ವಿದ್ಯುತ್ ಕಚೇರಿಯ ತಪಾಸಣೆಗಾರ ಹನುಮಯ್ಯನವರು ಬಂದರು. ಪಂಪ್‌ಸೆಟ್ಟಿನ ಸ್ಟಾರ್ಟರಿನಿಂದ ಹೊರಟ ವಯರನ್ನು ಬೆರಳಿನಲ್ಲಿ ಹಿಂಬಾಲಿಸುತ್ತಾ ಹೋಗಿ ಚಲುವರಾಜುವಿನ ಹೊಟ್ಟೆಯ ಹತ್ತಿರ ನಿಂತರು.

"ಇದೇನ್ರೀ?"

"ಗಿಟಾರ್ ಸಾರ್."

"ಇದರಲ್ಲಿ ನೀರು ಬರುತ್ತಾ?"

"ಇಲ್ಲ ಸಾರ್."

"ಬೇಸಾಯದ ಲೈನಿದು. ನೀರು ಬರ್ದೇ ಇದ್ರೆ ಲೈನ್ ಕಟ್ ಮಾಡ್ಬೇಕಾಗುತ್ತೆ."

ತಿಮ್ಮರಾಯಪ್ಪ ನಡುವೆ ಬಂದು ನಿಂತರು. "ಸ್ವಾಮೀ, ಅದು ಬೆಳೆಗೇ! ಹುರುಳಿಕಾಯಿಗೆ ಹಾಡು ಕೇಳ್ಸಿದ್ರೆ ಚೆಂದಾಗಿ ಬತ್ತದೆ. ಹಾಡಿಲ್ದೇ ಹೋದ್ರೆ ಹೂವೇ ಬಿಡಾಕಿಲ್ಲ."

ಹನುಮಯ್ಯನವರ ಫಾರಮ್ಮಿನಲ್ಲಿ 'ಬಳಕೆಯ ಉದ್ದೇಶ' ಎಂಬ ಕಾಲಂ ಇತ್ತು. ಅಲ್ಲಿ ಎರಡೇ ಆಯ್ಕೆ: ನೀರೆತ್ತುವುದು, ಬೆಳೆಗೆ ಸಂಬಂಧಿಸಿದ ಇತರೆ. 'ಇತರೆ'ಗೆ ಗುರುತು ಹಾಕಿ, ಎದುರಿಗೆ 'ಶಬ್ದ' ಎಂದು ಬರೆದು, ಎರಡು ಕಟ್ಟು ದಂಟು ಸೈಕಲ್ಲಿಗೆ ಸಿಕ್ಕಿಸಿಕೊಂಡು ಹೊರಟರು. ಫಾರಮ್ಮಿನ ಗುಲಾಬಿ ಪ್ರತಿಯು ನಿಯಮದಂತೆ 'ಸೊಪ್ಪು ಮತ್ತು ತರಕಾರಿಗಳ ಉತ್ತೇಜನಾ ಉಪನಿರ್ದೇಶನಾಲಯ'ಕ್ಕೆ ಹೋಯಿತು.

ಅಲ್ಲಿ ಚನ್ನಬಸವಯ್ಯನವರೆಂಬ ಅಧಿಕಾರಿಗಳಿದ್ದರು. ಅವರ ವಾರ್ಷಿಕ ವರದಿಯಲ್ಲಿ 'ಈ ಸಾಲಿನ ನವೀನ ವಿಧಾನ' ಎಂಬ ಸಾಲು ಆರು ವರ್ಷಗಳಿಂದ ಖಾಲಿಯಿತ್ತು. ಗುಲಾಬಿ ಪ್ರತಿ ನೋಡಿದವರೇ ಜೀಪು ಹತ್ತಿದರು. ತೋಟಕ್ಕೆ ಬಂದು ಒಂದು ಹುರುಳಿಕಾಯಿ ಬಳ್ಳಿಯನ್ನು ಟೇಪಿನಲ್ಲಿ ಅಳೆದು, ತಂಡದಿಂದ ಒಂದು ಹಾಡು ಹೇಳಿಸಿ, ಮತ್ತೆ ಅಳೆದರು. ಮುಕ್ಕಾಲು ಅಂಗುಲ ಹೆಚ್ಚಿತ್ತು.

"ಸಾರ್, ಮೊದಲು ಅಳೆದಿದ್ದು ಆ ಕಡೆ ಬಳ್ಳಿ," ಎಂದ ಮಾರಯ್ಯ.

"ವಿಜ್ಞಾನದಲ್ಲಿ ಹಾಗೆಲ್ಲ ಹಿಂದೆ ತಿರುಗಿ ನೋಡಬಾರದಪ್ಪಾ," ಎಂದರು ಚನ್ನಬಸವಯ್ಯನವರು.

ಹದಿನೈದು ದಿನದಲ್ಲಿ ಆದೇಶ ಹೊರಬಿತ್ತು. ಸದರಿ ತಂಡವನ್ನು 'ಗೊಬ್ಬರ: ಘನವೂ ಅಲ್ಲದ, ದ್ರವವೂ ಅಲ್ಲದ' ಎಂಬ ಹೊಸ ವರ್ಗಕ್ಕೆ ಸೇರಿಸಲಾಗಿದೆ. ಹುರುಳಿಕಾಯಿಗೆ ವಾರಕ್ಕೆ ಮೂರು ಸಲ, ದಂಟಿಗೆ ಒಂದು ಸಲ ಹಾಕತಕ್ಕದ್ದು. ಮೂಲಂಗಿಯು ನೆಲದೊಳಗೆ ಬೆಳೆಯುವುದರಿಂದ ಅದಕ್ಕೆ ಬೇಸ್ ಗಿಟಾರ್ ಮಾತ್ರ. ಹೂ ಬಿಡುವ ಸಮಯದಲ್ಲಿ ಡ್ರಮ್ಮು ಒಂಟಿಯಾಗಿ ಬಾರಿಸುವುದನ್ನು ನಿಷೇಧಿಸಿದೆ. ಮತ್ತು, ಇಲಾಖೆಯ ಗೊಬ್ಬರವು ಬೆಳೆಗೆ ಮಾತ್ರ ಮೀಸಲಾದ್ದರಿಂದ, ಮನುಷ್ಯರು ಅದನ್ನು ಕೇಳುವುದನ್ನು ದುರುಪಯೋಗವೆಂದು ಪರಿಗಣಿಸಲಾಗುವುದು.

ಕೊನೆಯ ವಾಕ್ಯವನ್ನು ಚಲುವರಾಜು ಅಂದು ಸರಿಯಾಗಿ ಓದಲಿಲ್ಲ. ಲೈನು ಉಳಿಯಿತೆಂಬ ಖುಷಿಯಲ್ಲಿ ಜಯನಗರದ ಒಂದು ಕಾಲೇಜಿನಲ್ಲಿ ಕಾರ್ಯಕ್ರಮ ಗೊತ್ತುಮಾಡಿಕೊಂಡು ಬಂದ. ಮೂರೇ ದಿನದಲ್ಲಿ ಪ್ರಿನ್ಸಿಪಾಲರಿಗೆ ಇಲಾಖೆಯಿಂದ ಪತ್ರ ಬಂತು: 'ತಮ್ಮ ಕಾಲೇಜಿನಲ್ಲಿ ಯಾವ ಬೆಳೆ ಇದೆ? ಇಲ್ಲವಾದಲ್ಲಿ ಗೊಬ್ಬರ ಯಾಕೆ ತರಿಸುತ್ತಿದ್ದೀರಿ?' ಪ್ರಿನ್ಸಿಪಾಲರು ಹುಡುಗರ ಕಡೆ ಒಮ್ಮೆ ನೋಡಿ, ಬೆಳೆ ಯಾವುದೂ ಇಲ್ಲವೆಂದು ಪ್ರಾಮಾಣಿಕವಾಗಿ ಉತ್ತರಿಸಿದರು. ಕಾರ್ಯಕ್ರಮ ರದ್ದಾಯಿತು.

ಯುಗಾದಿಗೆ ಮೂರು ವಾರ ಉಳಿದಿತ್ತು. ಪಾಪಯ್ಯನವರು ಅಟ್ಟದ ಮೇಲೆ ಗಿಟಾರ್ ಹಿಡಿಯುವಷ್ಟು ಜಾಗ ಮಾಡಿ, ಅದಕ್ಕೆ ಸುತ್ತಲೆಂದು ಹಳೆಯ ಸೀರೆಯೊಂದನ್ನೂ ತೆಗೆದಿರಿಸಿದ್ದರು. ಚಲುವರಾಜುವಿಗೆ ರಾತ್ರಿ ನಿದ್ದೆಯಿಲ್ಲ, ಹಗಲು ಊಟ ಸೇರದು. ಗುರುಬಸಪ್ಪನನ್ನು ಎಳೆದುಕೊಂಡು ಉಪನಿರ್ದೇಶನಾಲಯಕ್ಕೆ ಹೋದ.

"ಸಾರ್, ಒಂದೇ ಒಂದು ಸಲ ಜನ ಕೇಳ್ಬೇಕು ಸಾರ್. ನನ್ನ ಜೀವನದ ಪ್ರಶ್ನೆ."

"ಜನ ಅನ್ನೋ ಕಾಲಂ ನಮ್ಮಲ್ಲಿಲ್ಲಪ್ಪಾ. ಸಸಿ ಇದೆ, ಬಳ್ಳಿ ಇದೆ, ಗೆಡ್ಡೆ ಇದೆ."

"ಹಾಗಾದ್ರೆ ಬರೋರನ್ನೆಲ್ಲ ಸಸಿ ಅಂತಾನೇ ಬರ್ಕೊಂಡ್ಬಿಡಿ ಸಾರ್, ಅತ್ಲಾಗೆ!" ಎಂದ ಗುರುಬಸಪ್ಪ ಸಿಟ್ಟಿನಿಂದ.

ಚನ್ನಬಸವಯ್ಯನವರು ಸಿಟ್ಟಾಗಲಿಲ್ಲ. ಕನ್ನಡಕ ಹಾಕಿಕೊಂಡು ನಿಯಮಾವಳಿ ತೆರೆದರು.

"ನೀರು ಕುಡೀತಾರಾ?"

"ಕುಡೀತಾರೆ ಸಾರ್."

"ಬಿಸಿಲಲ್ಲಿ ನಿಲ್ತಾರಾ?"

"ಬಸ್ಸಿಗೆ ನಿಂತು ಅಭ್ಯಾಸ ಇದೆ."

"ಮಾತಾಡ್ತಾರಾ?"

"ನಾವು ಬಾರಿಸ್ತಿರುವಾಗ ಮಾತಾಡಿದ್ರೂ ಯಾರಿಗೂ ಕೇಳ್ಸಲ್ಲ ಸಾರ್."

"ಮತ್ತೆ ಅಡ್ಡಿ ಏನಿದೆ?" ಎಂದು ಚನ್ನಬಸವಯ್ಯನವರು ಮುದ್ರೆಗೆ ಮಸಿ ಹಚ್ಚಿದರು.

'ಸಸಿ ಘೋಷಣಾ ಪತ್ರ' ಅಚ್ಚಾಯಿತು. ಹೆಸರು, ಎತ್ತರ, ತಳಿ, ಬಿತ್ತನೆಯ ದಿನಾಂಕ, ರೋಗವೇನಾದರೂ ಇದ್ದಲ್ಲಿ ಅದರ ವಿವರ. ಜಯನಗರ, ಪದ್ಮನಾಭನಗರ, ಬಿ.ಟಿ.ಎಂ. ಲೇಔಟಿನ ಉದ್ದಕೂದಲಿನವರೆಲ್ಲ ಸಾಲುಗಟ್ಟಿ ತುಂಬಿದರು. ಬಿಳೇಕಹಳ್ಳಿ ಕಡೆಯ ದೊಡ್ಡ ವಿದ್ಯಾಸಂಸ್ಥೆಯ ಮೂವರು ವಿದ್ಯಾರ್ಥಿಗಳು ತಮ್ಮನ್ನು ಹೈಬ್ರಿಡ್ ಎಂದು ಬರೆದುಕೊಳ್ಳಬೇಕೆಂದು ಹಟ ಹಿಡಿದರು, ಬರೆದುಕೊಳ್ಳಲಾಯಿತು. ಪಾರ್ವತಮ್ಮನವರು 'ದಂಟು' ಎಂದು ಸಹಿ ಹಾಕಿ, "ಇಷ್ಟು ವರ್ಷ ಸೊಪ್ಪು ಬಿಡಿಸಿದ ಋಣ," ಎಂದರು.

ಯುಗಾದಿಗೆ ಹಿಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ತಿಮ್ಮರಾಯಪ್ಪನ ತೋಟದಲ್ಲಿ ನಾಟಿ. ತಲೆ ಎಣಿಸಲೆಂದು ಪಾಪಯ್ಯನವರೂ ಕೊಡೆ ಹಿಡಿದು ಬಂದರು. ಗೇಟಿನಲ್ಲೇ ಚನ್ನಬಸವಯ್ಯನವರು ತಡೆದರು.

"ಒಳಗೆ ಮನುಷ್ಯರಿಗೆ ಪ್ರವೇಶವಿಲ್ಲ ಸಾರ್."

"ನಾನು ತಪಾಸಣೆಗೆ ಬಂದಿದ್ದೀನಿ."

"ಒಳಗೆ ನಿಂತು ತಪಾಸಣೆ ಮಾಡ್ಬೇಕಂದ್ರೆ ಘೋಷಣಾ ಪತ್ರ ಬೇಕು. ನಿಮ್ಮ ವಯಸ್ಸಿಗೆ ಸೊಪ್ಪು ಕೊಡೋಕಾಗಲ್ಲ. ನುಗ್ಗೆ ತಗೊಳ್ಳಿ, ಬಹುವಾರ್ಷಿಕ."

ಫಾರಮ್ಮು ಕಂಡರೆ ತುಂಬದೆ ಇರಲಾರದ ಜೀವ. ಪಾಪಯ್ಯನವರು ಜೇಬಿನಿಂದ ಪೆನ್ನು ತೆಗೆದು, ನಾಲ್ಕನೇ ಸಾಲಿನಲ್ಲಿ ಸಸಿ ಸಂಖ್ಯೆ ಇನ್ನೂರ ಹನ್ನೆರಡಾಗಿ ನಿಂತುಕೊಂಡರು.

ಒಟ್ಟು ಮುನ್ನೂರ ಹದಿನೇಳು ಸಸಿ, ಒಂದೂವರೆ ಅಡಿ ಅಂತರದಲ್ಲಿ. ತಿಮ್ಮರಾಯಪ್ಪ ಕಾಲುವೆ ಬಿಡಿಸಿ ಎಲ್ಲರ ಕಾಲಿಗೂ ನೀರು ಹಾಯಿಸಿದರು. ಚನ್ನಬಸವಯ್ಯನವರು ಮೈಕಿನಲ್ಲಿ ಪ್ರಕಟಿಸಿದರು: "ಸಸಿಗಳ ಗಮನಕ್ಕೆ. ಕೈಗಳಿಲ್ಲದ ಕಾರಣ ಯಾರೂ ಚಪ್ಪಾಳೆ ತಟ್ಟತಕ್ಕದ್ದಲ್ಲ. ಗಾಳಿ ಬಂದಾಗ ತಲೆ ಅಲ್ಲಾಡಿಸಬಹುದು. ಗಾಳಿ ಈಗ ಬಂದಿದೆ." ಫಾರಮ್ಮು ತುಂಬದೆ ನುಸುಳಿದ್ದ ಪತ್ರಿಕಾ ವರದಿಗಾರನೊಬ್ಬನನ್ನು ಕಳೆ ಎಂದು ಗುರುತಿಸಿ, ಇಬ್ಬರು ಆಳುಗಳು ಬೇರುಸಮೇತ ಎತ್ತಿ ಬದುವಿನ ಆಚೆ ಇಟ್ಟರು.

ಚಲುವರಾಜು ಗಿಟಾರಿನ ತಂತಿ ಮೀಟಿದ. ಬಸ್ಸು ಕಾಯುವವನ ಹಾಡು ಶುರುವಾಯಿತು. ಮೊದಲ ನಿಮಿಷ ಸಸಿಗಳು ಸುಮ್ಮನೆ ನಿಂತಿದ್ದವು. ಎರಡನೇ ನಿಮಿಷಕ್ಕೆ ಹಿಂದಿನ ಸಾಲಿನಲ್ಲಿ ಗಾಳಿ ಎದ್ದಿತು. ನಾಲ್ಕನೇ ನಿಮಿಷಕ್ಕೆ ಮುನ್ನೂರು ತಲೆಗಳು ಮುಂದಕ್ಕೂ ಹಿಂದಕ್ಕೂ ಹೊಯ್ದಾಡಿ ತೋಟದಲ್ಲಿ ಕೂದಲೇ ಕೂದಲು. ದಂಟು ಪಾರ್ವತಮ್ಮನವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಏಳನೇ ನಿಮಿಷದಲ್ಲಿ ಬಸ್ಸು ಬರಲಿಲ್ಲ. ಚಲುವರಾಜು ಕಣ್ಣು ಬಿಟ್ಟಾಗ ಅವನ ತಂದೆ ಕೊಡೆ ಮಡಚಿಕೊಂಡು ಬಿಸಿಲಲ್ಲಿ ನಿಂತಿದ್ದರು, ಕೆನ್ನೆ ಒದ್ದೆಯಾಗಿತ್ತು.

ಕೊಯ್ಲಾದ ಮೇಲೆ, ಅಂದರೆ ಎಲ್ಲರೂ ಚಪ್ಪಲಿ ಹುಡುಕಿಕೊಂಡು ಹೊರಟ ಮೇಲೆ, ಪಾಪಯ್ಯನವರು ರಿಜಿಸ್ಟರ್ ತರಿಸಿ ನೋಡಿದರು.

"ಸಸಿ ಮುನ್ನೂರ ಹದಿನೇಳು. ಗೊಬ್ಬರ ಮೂರು. ರೈತ ಒಬ್ಬ, ಅವನು ಬದುವಿನ ಮೇಲೆ ಕೂತಿದ್ದ. ನಿಂತು ಕೇಳಿದ ಮನುಷ್ಯರು... ಸೊನ್ನೆ."

"ಅಪ್ಪಾ! ನೀವೇ ಇದ್ರಲ್ಲಾ! ಕಣ್ಣಾರೆ ನೋಡಿದ್ರಲ್ಲಾ!"

"ನಾನು ನುಗ್ಗೆ ಕಣೋ. ನುಗ್ಗೆ ನೋಡಿದ್ದು ಸಾಕ್ಷಿ ಆಗಲ್ಲ."

"ಕಣ್ಣಲ್ಲಿ ನೀರು ಬಂದಿತ್ತು ನಿಮಗೆ."

"ಅದು ತಿಮ್ಮರಾಯಪ್ಪ ಹಾಯಿಸಿದ ನೀರು."

"ಅವರು ಕಾಲಿಗೆ ಹಾಯಿಸಿದ್ದು!"

"ಗಿಡದಲ್ಲಿ ನೀರು ಮೇಲಕ್ಕೇರುತ್ತೆ. ಅಷ್ಟೂ ಓದಿಲ್ವಾ ನೀನು?" ಎಂದವರು ಮುಖ ಆ ಕಡೆ ತಿರುಗಿಸಿಕೊಂಡರು. "ಮಾತು ಅಂದ್ರೆ ಮಾತು. ಗಿಟಾರ್ ಅಟ್ಟಕ್ಕೆ."

ಚಲುವರಾಜು ಗಿಟಾರನ್ನು ಕೊರಳಿಂದ ತೆಗೆದು ತಂದೆಯ ಕೈಗಿಟ್ಟ. ಆಗ ಚನ್ನಬಸವಯ್ಯನವರು ಕೆಮ್ಮಿದರು.

"ಕ್ಷಮಿಸಿ ಸಾರ್. ಇಲಾಖೆಯ ಗೊಬ್ಬರವನ್ನು ವಾಸದ ಮನೆ ಅಟ್ಟದಲ್ಲಿ ದಾಸ್ತಾನು ಮಾಡೋದಕ್ಕೆ ಲೈಸೆನ್ಸ್ ಬೇಕು. ಜನವಸತಿ ಇರೋ ಕಡೆ ಕೊಡಲ್ಲ."

"ಹಾಗಾದ್ರೆ ಇವನನ್ನಾದ್ರೂ ಟೈಪಿಂಗಿಗೆ—"

"ಇವರೂ ಗೊಬ್ಬರಾನೇ ಸಾರ್. ದಾಸ್ತಾನು ಪುಸ್ತಕದಲ್ಲಿ ಮೂರನೇ ಪುಟ. ಹೊರಗೆ ಸಾಗಿಸೋ ಹಾಗಿಲ್ಲ."

ಪಾಪಯ್ಯನವರು ದಾಸ್ತಾನು ಪುಸ್ತಕ ತೆರೆದರು. ಮಗನ ಹೆಸರು, ಕ್ರಮಸಂಖ್ಯೆ, ದುಂಡು ಮುದ್ರೆ, ಮೇಲಧಿಕಾರಿಗಳ ಸಹಿ. ಎಲ್ಲ ಸರಿಯಾಗಿತ್ತು. ಮುದ್ರೆಯ ಮೇಲೆ ಎರಡು ಸಲ ಬೆರಳಾಡಿಸಿದರು. ಮಗನ ಬಗ್ಗೆ ಇಷ್ಟು ಅಚ್ಚುಕಟ್ಟಾದ ದಾಖಲೆಯನ್ನು ಅವರು ಈ ಮೊದಲು ನೋಡಿರಲಿಲ್ಲ.

"ಸರ್ಕಾರದ್ದು ಅಂದ್ಮೇಲೆ ನಾವೇನು ಮಾಡೋಕಾಗುತ್ತೆ," ಎಂದು ಗಿಟಾರನ್ನು ಹಿಂದಕ್ಕೆ ಕೊಟ್ಟರು.

ಯೋಜನೆಯನ್ನು ಮುಂದಿನ ಸಾಲಿಗೆ ವಿಸ್ತರಿಸಲಾಯಿತು. ಉಳಿದ ಹತ್ತು ತಂಡಗಳೂ ಗೊಬ್ಬರವಾಗಲು ಅರ್ಜಿ ಹಾಕಿಕೊಂಡವು. ಪದ್ಮನಾಭನಗರದಲ್ಲಿ ಹೆಣ್ಣು ನೋಡಲು ಹೋದ ಗುರುಬಸಪ್ಪ, "ಏನು ಮಾಡ್ಕೊಂಡಿದ್ದೀರಿ?" ಎಂಬ ಪ್ರಶ್ನೆಗೆ "ಗೊಬ್ಬರ, ಸರ್ಕಾರಿ," ಎಂದಾಗ ಹೆಣ್ಣಿನ ಕಡೆಯವರು ತಟ್ಟೆಗೆ ಇನ್ನೊಂದು ಚಿರೋಟಿ ಹಾಕಿದರು.

ಪಾಪಯ್ಯನವರು ಪ್ರತಿ ಭಾನುವಾರ ಎಂಟೂವರೆಗೆ ಸ್ನಾನ ಮುಗಿಸಿ ಕೋಣನಕುಂಟೆ ಬಸ್ಸು ಹಿಡಿಯತೊಡಗಿದರು. ಬೇರೆ ಸಸಿಗಳು ಒಂದು ವಾರ ತಪ್ಪಿಸಿದರೂ ನಡೆಯುತ್ತಿತ್ತು. ಬಹುವಾರ್ಷಿಕಗಳಿಗೆ ಆ ಸೌಲಭ್ಯವಿಲ್ಲವೆಂದು ಮನೆಯಲ್ಲಿ ವಿವರಿಸಿದ್ದರು. ಮುಂದಿನ ಮಳೆಗಾಲ ಕಳೆದ ಒಂದು ಬೆಳಿಗ್ಗೆ, ಬಸ್ಸು ಕಾಯುವವನ ಹಾಡಿನ ಐದನೇ ನಿಮಿಷದಲ್ಲಿ, ಅವರು ಕಣ್ಣು ಮುಚ್ಚಿಕೊಂಡು, ಪೂರ್ತಿ ಅರಿವಿಲ್ಲದೆ, ಬಾಯ್ತುಂಬ ನಕ್ಕರು. ಪಕ್ಕದ ಸಾಲಿನ ಬೆಲ್‌ಬಾಟಮ್ಮಿನ ಬದನೆಯೊಂದು ಏನೋ ಹೇಳಲು ಬಾಯಿ ತೆರೆದಾಗ ಪಾರ್ವತಮ್ಮನವರು, "ಶ್!" ಎಂದರು.

ಚನ್ನಬಸವಯ್ಯನವರು ಸದ್ದಾಗದಂತೆ ಹತ್ತಿರ ಬಂದು, ಕನ್ನಡಕ ಏರಿಸಿ ನೋಡಿ, ರಿಜಿಸ್ಟರಿನಲ್ಲಿ ಇನ್ನೂರ ಹನ್ನೆರಡರ ಎದುರಿಗೆ ಬರೆದರು: 'ಹೂ ಬಿಟ್ಟಿದೆ.'