ರೋಬೋಟಿನ ಕಣ್ಣಿಗೆ ಕುಂಕುಮ

ಮಾಲಾ ಮೊದಲ ಬಸ್ಸಿಗೆ ರೋಣಕ್ಕೆ ಹೋಗಿಬಿಟ್ಟಿದ್ದಳು. ಅವಳ ರೋಬೋಟು ಮಾತ್ರ ಯಾವಗಲ್ ಊರಿನ ಮನೆಯಲ್ಲಿ, ದೇವರ ಜಗಲಿಯ ಮೇಲೆ ಕುಳಿತಿತ್ತು.

ಅದು ಅಪ್ಪ ನಿಂಗಪ್ಪನ ಕಣ್ಣಿಗೆ ಬಿತ್ತು. ರೋಣದ ಸಾಲೆಯ ತಂತ್ರಜ್ಞಾನ ಶಿಬಿರದಲ್ಲಿ ಇಂದು ದೊಡ್ಡ ಮಕ್ಕಳ ಪರೀಕ್ಷೆ. ಗೋಡೆ ಕಂಡೊಡನೆ ಯಾರ ರೋಬೋಟು ಗಾಡಿ ತಾನಾಗಿಯೇ ನಿಲ್ಲುತ್ತದೋ ಅವರಿಗೆ ಗದಗಿನ ಶಿಬಿರ. ಮಗಳು ನಿದ್ದೆಯಲ್ಲೂ ಗದಗು ಗದಗು ಎನ್ನುತ್ತಿದ್ದಳು.

"ಹುಚ್ಚಿ, ಮರತ ಹೋಗ್ಯಾಳ! ತಾ ಇಲ್ಲೆ, ಒಯ್ದು ಕೊಡ್ತೀನಿ."

"ಪೂಜಿ ಇಲ್ದ ಗಾಲಿ ಹೊಸ್ತಲಾ ದಾಟೂದಿಲ್ಲ," ಎನ್ನುತ್ತ ಹೆಂಡತಿ ದೇವವ್ವ ಅದರ ಎರಡೂ ಗಾಜಿನ ಕಣ್ಣಿಗೆ ಕುಂಕುಮ ಮೆತ್ತಿ, ಗಾಲಿಯಡಿ ನಿಂಬೆಹಣ್ಣಿಟ್ಟಳು.

ಪಕ್ಕದ ಮನೆಯ ಲಾಲಬಿ ಲೋಬಾನ ಹಿಡಿದು ಓಡಿಬಂದಳು. "ಮಾಲಾ ನಂಗೂ ಮಗಳ. ಯಾರದೂ ಕೆಟ್ಟ ನದರ ಆಗಬಾರ್ದು!" ಹೊಗೆಗೆ ಎಲ್ಲರೂ ಕೆಮ್ಮಿದರು, ರೋಬೋಟೊಂದನ್ನು ಬಿಟ್ಟು.

ಗುಂಡಿ ಒತ್ತಿದರೆ ಗಾಡಿ ಮಿಸುಕಲಿಲ್ಲ. ನಿಂಗಪ್ಪ ಒಂದು ಗುದ್ದು ಕೊಟ್ಟ. ಹಟಮಾರಿ ಎತ್ತಿನಂತೆ ನಿಂತೇ ಇತ್ತು.

ಲಾಲಬಿಯ ಗಂಡ ಯಮನೂರಸಾಬ ಟ್ರ್ಯಾಕ್ಟರ್ ಓಡಿಸುವವನು. ಗ್ರೀಸು ತಂದು ಬಳಿದ. "ಇದೂ ಟ್ರ್ಯಾಕ್ಟರ್ ತಮ್ಮನ ಅಲ್ಲೇನೋ ನಿಂಗಣ್ಣ? ದಬ್ಬು, ಚಾಲೂ ಆಗತೈತಿ!"

ನಿಂಗಪ್ಪ ದಬ್ಬಿದ. ನಿಂಬೆಹಣ್ಣು ಪಿಚಕ್ಕೆಂದಿತು. ಒಂದು ಗಾಲಿ ಕಳಚಿ, ಉರುಳುತ್ತ ಹೋಗಿ ಹೊರಗೆ ಕಟ್ಟಿದ್ದ ಎಮ್ಮೆಯ ಕಾಲಡಿ ಚಪ್ಪಟೆಯಾಯಿತು.

ಕುಂಕುಮ, ಗ್ರೀಸು, ಲೋಬಾನದ ವಾಸನೆ ಸೂಸುವ ರೋಬೋಟನ್ನು ಕಂಕುಳಲ್ಲಿಟ್ಟುಕೊಂಡು ನಿಂಗಪ್ಪ ಬಸ್ಸು ಹತ್ತಿದ. ಕಂಡಕ್ಟರ್ ಕೈ ಮುಗಿದು, "ಯಾವ ಊರ ದೇವರ್ರೀ ಇದು?" ಎಂದ.

"ಸುಮ್ಮ ಟಿಕೀಟ್ ಹರಿಯೋ!"

ಸಾಲೆಯ ಬಾಗಿಲಲ್ಲೇ ಶಿಬಿರದ ಶ್ವೇತಾ ಮೇಡಂ ಸಿಕ್ಕರು. ನಿಂಗಪ್ಪನ ದನಿ ಎಂದೂ ಇಲ್ಲದಷ್ಟು ಮೆತ್ತಗಾಯಿತು.

"ಮೇಡಮ್ಮಾರ, ಕೆಡಿಸಿದ್ದು ನಾ. ನನ್ನ ಕೂಸಿನ ಹೆಸರ ಹೊಡೀಬ್ಯಾಡ್ರಿ. ಇಂಥಾದ ಇನ್ನೊಂದು ನಾನ ಇಲ್ಲೆ ಕುಂತ ಕಲತು ಮಾಡಿಕೊಡ್ತೀನಿ. ದೇವರ ಆಣಿ!"

ಅಷ್ಟರಲ್ಲಿ ಒಳಗೆ ಚಪ್ಪಾಳೆ ಸಿಡಿಯಿತು. ಮಾಲಾಳ ಗಾಡಿ ಗೋಡೆಗೆ ಗೇಣು ದೂರದಲ್ಲಿ ಠಕ್ಕನೆ ನಿಂತಿತ್ತು!

"ಮತ್ತ ಇದು?" ನಿಂಗಪ್ಪ ಓಡಿಬಂದ ಮಗಳಿಗೆ ಕಂಕುಳಲ್ಲಿದ್ದುದನ್ನು ತೋರಿಸಿದ.

"ಅದು ಖಾಲಿ ಡಬ್ಬಿ ಅಪ್ಪಾ. ಅವ್ವ ಪೂಜಿ ಮಾಡದ ಬಿಡಾಂಗಿಲ್ಲ ಅಂತ ಪೂಜಿಗೇ ಬ್ಯಾರೆ ಮಾಡಿಟ್ಟಿದ್ದೆ. ಖರೇದು ನಿನ್ನೇನ ಇಲ್ಲೆ ಇಟ್ಟಿದ್ದೆ. ನಾ ಗದಗಿಗೆ ಹೊಂಟೆ!"

ನಿಂಗಪ್ಪ ಮಗಳ ಬೆನ್ನು ಚಪ್ಪರಿಸಿ, ಮೀಸೆ ತಿರುವಿ, ಬಸ್ಸಿನ ದಾರಿ ಹಿಡಿದ.

"ಎಲ್ಲಿ ಹೊಂಟ್ರಿ? ದೇವರ ಆಣಿ ಮಾಡೀರಿ," ಎಂದರು ಮೇಡಂ. "ಸಣ್ಣ ಹುಡುಗರ ತಂಡ ಈಗ ಶುರು ಆಗತೈತಿ. ಬರ್ರಿ, ಕುಂದರ್ರಿ."

ಗಿಡ್ಡ ಬೆಂಚಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿ ನಿಂಗಪ್ಪ ಕುಳಿತ. ಪಕ್ಕದ ಪುಟ್ಟಿ ಚಿನ್ನು ಅವನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು:

"ಯಾವ ಕ್ಲಾಸಿನ್ಯಾಗ ನಪಾಸಾಗೀಯೋ ಕಾಕಾ?"