ರೆಕ್ಕೆಯೊಳಗೆ ಹೇಮಾವತಿಯ ಕೈ

ಗೌರೀಶನ ವಿಮಾನಕ್ಕೆ ಆಕಾಶದಿಂದ ಯಾವ ಅಪಾಯವೂ ಇರಲಿಲ್ಲ; ಇದ್ದ ಅಪಾಯವೆಲ್ಲ ಗೌರೀಶನಿಂದಲೇ. ಗಿಣಿಗೇರಾದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು, ಮನೆಯ ಕೊಟ್ಟಿಗೆಯಲ್ಲಿ ಒಬ್ಬರೇ ಕೂರುವ ಪುಟ್ಟ ವಿಮಾನ ಕಟ್ಟುತ್ತಿದ್ದ. (ದನಗಳು ಅಂಗಳಕ್ಕೆ ಬಂದಿದ್ದವು. ಅವುಗಳ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.)

ರೆಕ್ಕೆಯ ತಗಡು ಬಿಗಿದಿದ್ದ ಒಂದು ರಿವೆಟ್ ಮೊಳೆ ಕೂದಲೆಳೆಯಷ್ಟು ಸೊಟ್ಟಗೆ ಕಂಡಿತು. ಕೊರೆದು ತೆಗೆದ, ತೂತು ಮೊಟ್ಟೆಯಾಕಾರವಾಯಿತು. ಅದನ್ನು ದುಂಡಗೆ ಮಾಡಹೋದ, ತಗಡು ಸೀಳಿತು. ಸೀಳು ಬೆಳೆಯದಿರಲೆಂದು ಅದರ ತುದಿಗೆ ಇನ್ನೊಂದು ತೂತು ಕೊರೆದ, ಕೈ ಜಾರಿತು. ಕಡೆಗೆ ಕೆಟ್ಟ ಭಾಗವನ್ನೇ ಕತ್ತರಿಸಿ, ಉಳಿದಿದ್ದ ಒಂದೇ ಒಂದು ಅಲ್ಯುಮಿನಿಯಂ ತುಂಡಿನಿಂದ ತೇಪೆ ಸಿದ್ಧಪಡಿಸಿದ. ಇದೂ ಕೆಟ್ಟರೆ ರೆಕ್ಕೆ ಗುಜರಿಗೆ. ಅದರ ಹಿಂದೆಯೇ ವಿಮಾನವೂ.

ರಿವೆಟ್ ಬಡಿಯುವಾಗ ಒಳಗಿನಿಂದ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಬೇಕು. ರೆಕ್ಕೆಯ ಕಿಂಡಿಯಲ್ಲಿ ತೂರುವ ಕೈ ಮನೆಯಲ್ಲಿ ಒಂದೇ, ಹೆಂಡತಿ ಹೇಮಾವತಿಯದು.

"ಬಳಿ ತಗದು ಕೈ ಹಾಕು."

"ಶುಕ್ರವಾರ ಬರಿಗೈಲೆ ಇರಬೇಕೇನ್ರಿ? ಹಂಗ ಹಾಕ್ತೀನಿ, ಬಡೀರಿ."

ಬಡಿದ. ತೇಪೆ ಕನ್ನಡಿಯಂತೆ ಕೂತಿತು. ಗೌರೀಶನ ಕಣ್ಣಲ್ಲಿ ನೀರು ಬಂತು. ಹೇಮಾವತಿಯ ಕೈ ಮಾತ್ರ ಬರಲಿಲ್ಲ. ಓರೆಯಾಗಿ ಒಳಹೋದ ಗಾಜಿನ ಬಳೆಗಳು ಹೊರಬರುವಾಗ ಕಿಂಡಿಗೆ ಅಡ್ಡ ನಿಂತಿದ್ದವು.

"ಬಳಿ ಒಡದುಬಿಡೋಣೇನು?" ಎಂದ, ಮೆಲ್ಲಗೆ.

ತಾಯಿ ಹುಲಗಮ್ಮನಿಗೆ ಅದು ಅಡುಗೆಮನೆಯವರೆಗೂ ಕೇಳಿಸಿತು. "ಏನಂದಿ? ಗಂಡ ಎದುರಿಗೆ ಗುಂಡಕಲ್ಲಿನಂಗ ನಿಂತಿರೂ ಮುಂದ ಹೆಂಡತಿ ಬಳಿ ಒಡೀತಾರೇನೋ? ಆಕಿ ಅವನ್ನ ಹಾಕ್ಕೊಂಡಿರೂದು ನಿನ್ನ ಆಯುಷ್ಯಕ್ಕ."

"ಯವ್ವಾ, ಇದ್ದದ್ದು ಇದೊಂದ ತಗಡು."

"ನನಗೂ ಇರೂದು ನೀ ಒಬ್ಬನ."

ಗೌರೀಶ ತೇಪೆಯನ್ನು ನೋಡಿದ. ತನ್ನ ಆಯುಷ್ಯವನ್ನು ನೆನೆದ. ಹಾರಿದ ಮೇಲೆ ಅದಕ್ಕೆ ಕುತ್ತು ಬಂದರೆ ಬರಲಿ, ಹಾರುವ ಮೊದಲೇ ಯಾಕೆ? ಡ್ರಿಲ್ ಎತ್ತಿ, ಶವಸಂಸ್ಕಾರದ ಗಾಂಭೀರ್ಯದಿಂದ, ತಾನೇ ಬಡಿದ ರಿವೆಟ್‌ಗಳನ್ನು ಒಂದೊಂದಾಗಿ ಕೊರೆದ. ತಗಡು ಕಿಂಡಿಯವರೆಗೂ ಹರಿದು ಕಿಂಡಿ ಅಗಲವಾಯಿತು. ಕೈ ಹೊರಬಂತು. ಒಂದು ಬಳೆಯೂ ಮುಕ್ಕಾಗಿರಲಿಲ್ಲ.

ಹೇಮಾವತಿ ಮಣಿಕಟ್ಟು ತಿಕ್ಕಿಕೊಳ್ಳುತ್ತ, "ಒಂಚೂರು ಸೋಪಿನ ನೀರು ಬಿಟ್ಟಿದ್ರ ಜಾರಿ ಬರ್ತಿದ್ವು" ಎಂದಳು. "ಬಳಿ ತೊಡಸಾಕಿ ದಿನಾ ಅದನ್ನ ಮಾಡ್ತಾಳ."

"ಮತ್ತ ಮೊದಲ ಯಾಕ ಹೇಳಲಿಲ್ಲ?"

"ರೆಕ್ಕಿ ದೊಡ್ಡದೋ, ನಾ ದೊಡ್ಡಾಕಿನೋ ಅಂತ ಭಾಳ ದಿನದಿಂದ ಒಂದು ಸಂಶಯ ಇತ್ರಿ. ಇವತ್ತು ಬಗೀಹರೀತು."

ಹೀಗೆಂದು ನಾಚಿ ನಕ್ಕಳು. ಗೌರೀಶ ಬಾಯಿ ತೆರೆದ. ಕೊರೆದದ್ದು ಅವಳಿಗಾಗಿ ಅಲ್ಲ, ತನ್ನ ಆಯುಷ್ಯಕ್ಕಾಗಿ ಎಂದು ಹೇಳಿದ್ದರೆ ಆ ಆಯುಷ್ಯ ಅಲ್ಲಿಗೇ ಮುಗಿಯುತ್ತಿತ್ತು. ಬಾಯಿ ಮುಚ್ಚಿಕೊಂಡ.