ಲೇಸರ್ ಯಂತ್ರದ ಕೈಗುಣ

ಕಣ್ಣಿನ ಪೊರೆ ತೆಗೆಯಲು ಲೇಸರ್ ಲೇಸೋ, ಕೈ ಲೇಸೋ ಎಂಬುದನ್ನು ತೀರ್ಮಾನಿಸಲು ನಮ್ಮ ಆಸ್ಪತ್ರೆಯಲ್ಲಿ ತುಲನಾ ಸಮಿತಿ ರಚನೆಯಾಗಿದೆ ಎಂದು ಈ ಮೂಲಕ ತಿಳಿಯಪಡಿಸಲಾಗಿದೆ. ಕಾರ್ಯದರ್ಶಿ ನಾನೇ. ನಮೂನೆಯಲ್ಲಿ ಹದಿನಾಲ್ಕು ಕಾಲಂ. ಹದಿಮೂರರಲ್ಲಿ ಎರಡೂ ಸಮ ಬಂತು. ಕೈಯಿಂದ ಪೊರೆ ತೆಗೆಯುವ ಡಾಕ್ಟರಮ್ಮ 'ಹೇಗೆ ಮಾಡಿದರೂ ಕಣ್ಣು ಕಾಣುತ್ತೆ, ಹಾಗೇ ಬರೆದು ಮುಗಿಸಿ' ಎಂದುಬಿಟ್ಟರು. ಕತ್ತರಿ ಹಿಡಿಯುವವರಿಗೆ ಕಡತದ ಗಾಂಭೀರ್ಯ ಎಲ್ಲಿ ತಿಳಿಯಬೇಕು! ಸಮ ಅನ್ನುವುದಾದರೆ ನಾವು ಕೂತದ್ದು ಯಾಕೆ ಎಂದು ಅಧ್ಯಕ್ಷರು ಕೇಳಿದ್ದು ನ್ಯಾಯವಾಗಿಯೇ ಇತ್ತು.

ಉಳಿದದ್ದು ಹದಿನಾಲ್ಕನೆಯದು: ಕೈಗುಣ. ಡಾಕ್ಟರಮ್ಮನ ಕೈಗುಣ ಚೆನ್ನಾಗಿದೆ ಎಂದು ರೋಗಿಗಳೆಲ್ಲ ಬರೆದುಕೊಟ್ಟಿದ್ದರು. ಯಂತ್ರಕ್ಕೆ ಕೈಯೇ ಇಲ್ಲ. ಕಾಲಂ ಖಾಲಿ ಬಿಡುವಂತೆಯೂ ಇಲ್ಲ. ಆದ್ದರಿಂದ ಅದು ತುಂಬುವವರೆಗೆ ಎಲ್ಲ ಶಸ್ತ್ರಚಿಕಿತ್ಸೆಗಳನ್ನೂ ತಡೆಹಿಡಿಯಲಾಯಿತು.

ಇಷ್ಟರಲ್ಲಿ ಟೈಲರಮ್ಮ ಎಂಬ ರೋಗಿಯ ಕಾಟ ಶುರುವಾಯಿತು. ಎರಡೂ ಕಣ್ಣಿಗೆ ಪೊರೆ. ತಿಂಗಳೊಳಗೆ ಸೂಜಿಗೆ ದಾರ ಪೋಣಿಸಲಾಗದಿದ್ದರೆ ಕೆಲಸ ಕೊಟ್ಟಿದ್ದ ಅಂಗಡಿಯವರು ಅವರ ಹೊಲಿಗೆ ಮಿಷಿನ್ನನ್ನು ಬೇರೆಯವರಿಗೆ ಕೊಡುವವರಿದ್ದರು. ದಿನಾ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಲೇಸರೋ ಕೈಯೋ, ಯಾವುದಾದರೂ ಸರಿ ಅಂದರು. ಇಂಥ ಉದಾಸೀನ ತುಲನೆಗೆ ಸಲ್ಲದೆಂದು ತಿಳಿಹೇಳಿದೆ. ನಿಜ ಹೇಳಬೇಕೆಂದರೆ ನನ್ನ ಕರುಳು ಚುರ್ ಅಂದಿತು. ಅದಕ್ಕೆ ಕಾಲಂ ಇರಲಿಲ್ಲ.

ಕೊನೆಗೆ ಅಧ್ಯಕ್ಷರು 'ಯಂತ್ರದ ಕೈ' ಎಂಬ ಹುದ್ದೆ ಸೃಷ್ಟಿಸಿ, ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದ ತಮ್ಮ ಭಾವಮೈದುನನನ್ನು ನೇಮಿಸಿದರು. ಕರ್ತವ್ಯ: ಯಂತ್ರದ ಮೇಲೆ ಬಲಗೈ ಇಡುವುದು. ವಾರದಲ್ಲೇ ಭಾವಮೈದುನರು ಎಡಗೈಗೆ ಸಹಾಯಕರನ್ನು ಕೇಳಿದರು. ಮಂಜೂರಾಯಿತು.

ಇನ್ನು ಕೈಗುಣದ ಬಗ್ಗೆ ರೋಗಿಯೊಬ್ಬರ ಅಭಿಪ್ರಾಯ ಬೇಕಿತ್ತು. ಟೈಲರಮ್ಮ ಹೇಗೂ ಇದ್ದರು. ಭಾವಮೈದುನರು ಅವರ ತಲೆಯ ಮೇಲೆ ಕೈಯಿಟ್ಟರು. ಆಪರೇಷನ್ನಿಗೆ ಒಪ್ಪಿಗೆ ಪತ್ರವೆಂದುಕೊಂಡು ಆಕೆ ನಾನು ಬೆರಳಿಟ್ಟ ಕಡೆ ಖುಷಿಯಿಂದ ಸಹಿ ಹಾಕಿದರು. ಹಾಳೆಯಲ್ಲಿದ್ದದ್ದು: 'ಕೈಗುಣ ಅತ್ಯುತ್ತಮ.' ಡಾಕ್ಟರಮ್ಮನದು ಬರೀ 'ಚೆನ್ನಾಗಿದೆ' ಆಗಿದ್ದರಿಂದ ಲೇಸರ್ ಗೆದ್ದಿತು.

ಮಾರನೇ ದಿನ ಟೈಲರಮ್ಮ ಆಪರೇಷನ್ ಯಾವಾಗ ಎಂದು ಕೇಳಿಕೊಂಡು ಬಂದರು. ನಿಯಮ ಓದಿ ಹೇಳಿದೆ: ಅಭಿಪ್ರಾಯ ಕೊಡಲು ಶಸ್ತ್ರಚಿಕಿತ್ಸೆ ಆದವರು ಮಾತ್ರ ಅರ್ಹರು, ತಾವು ಕೊಟ್ಟಿದ್ದೀರಿ, ಆದ್ದರಿಂದ ತಮಗೆ ಆಗಿದೆ. ಆದ ಕಣ್ಣಿಗೆ ಮತ್ತೆ ಮಾಡುವಂತಿಲ್ಲ. ಡಾಕ್ಟರಮ್ಮ ಏನೋ ಹೇಳಹೋದರು. ಅವರ ವಿಧಾನ ಸೋತಿದೆ ಎಂದು ನೆನಪಿಸಲಾಯಿತು.

ಟೈಲರಮ್ಮ ಬೆಂಚು ತಡವಿಕೊಂಡು ಎದ್ದರು.

"ಹಾಗಾದ್ರೆ ನನಗೆ ಕಾಣಿಸ್ತಿದೆ ಅಂತಾನಾ ಸಾರ್?"

"ದಾಖಲೆ ಪ್ರಕಾರ ಚೆನ್ನಾಗಿ ಕಾಣಿಸ್ತಿದೆ, ಅಮ್ಮ."

"ಸರಿ, ಅಂಗಡೀಲೂ ಹಾಗೇ ಹೇಳ್ತೀನಿ" ಎಂದು ನನ್ನ ಪಕ್ಕದ ಅಲಮಾರಿಗೆ ಕೈ ಮುಗಿದರು. ಸಮಿತಿಯ ಪರವಾಗಿ ಆ ನಮಸ್ಕಾರವನ್ನು ಸ್ವೀಕರಿಸಲಾಯಿತು.